ಬೇವಿನ ಗಿಡದ ಜಾಗ

ನನ್ನ ಮಗಳು ರಾಣೆಬೆನ್ನೂರಿನಲ್ಲಿ ಕಟ್ಟಡದ ಡಿಪ್ಲೊಮಾ ಓದುತ್ತಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಾವೇರಿಯ ಒಂದು ಸರ್ಕಾರಿ ಕಚೇರಿಯನ್ನು ಆರಿಸಿಕೊಂಡಳು. ಹಿಂದೊಮ್ಮೆ ಯಾವುದೋ ದಾಖಲೆಗಾಗಿ ನಾವಿಬ್ಬರೂ ಅದರ ಅಂಗಳದ ಬಿಸಿಲಿನಲ್ಲಿ ಅರ್ಧ ದಿನ ಕುಳಿತಿದ್ದೆವು. ಅದನ್ನವಳು ಮರೆತಿರಲಿಲ್ಲ. ತನ್ನ ನಕ್ಷೆಯಲ್ಲಿ ಹಳೆಯ ಗೋಡೆಗಳನ್ನು ಕೆಡವದೆ ಚಾವಣಿಗೆ ಬಳ್ಳಿ ಹಬ್ಬಿಸಿ, ಮಳೆನೀರಿಗೆ ತೊಟ್ಟಿ ಮಾಡಿ, ಅಂಗಳದ ನಡುವೆ ಬೇವಿನ ಗಿಡವನ್ನೂ ಅದರ ಸುತ್ತ ಕಟ್ಟೆಯನ್ನೂ ಇಟ್ಟಿದ್ದಳು.

ರಟ್ಟಿನ ಮಾದರಿಗೆ ಗಿಡಗಳು ಬೇಕಾದಾಗ, ನಾನು ಬ್ಯಾಡಗಿಯಲ್ಲಿ ಕೂಲಿಗೆ ಬಿಡಿಸುತ್ತಿದ್ದ ಮೆಣಸಿನಕಾಯಿಯ ತೊಟ್ಟುಗಳನ್ನೇ ಅಂಟಿಸಿದಳು.

"ಸೀನು ಬರಸೂ ಗಿಡಕ್ಕ ಯಾರು ಮಾರ್ಕ್ಸ್ ಕೊಡ್ತಾರ?" ಎಂದೆ.

"ನೀ ಸುಮ್ನ ಇಲ್ಲೇ ಕುಂದ್ರಬೇ, ಬೇವಿನ ಬುಡಕ್ಕ," ಎಂದು ಬೆರಳಿಟ್ಟು ತೋರಿಸಿದಳು.

ಮಾರ್ಕ್ಸ್ ಬರುವ ಮೊದಲೇ ಜ್ವರ ಬಂತು. ಹಾವೇರಿಯ ಆಸ್ಪತ್ರೆಯಲ್ಲಿ ನಾಲ್ಕನೇ ದಿನ ತೀರಿಕೊಂಡಳು.

ಅವಳ ಮರಣ ಪ್ರಮಾಣಪತ್ರಕ್ಕಾಗಿ ಅದೇ ಕಚೇರಿಗೆ ಹೋಗಬೇಕಾಯಿತು. ಅರ್ಜಿ ಕೊಟ್ಟೆ, ಸಾಹೇಬರು ಇನ್ನೂ ಬಂದಿರಲಿಲ್ಲ. ಅಂಗಳದಲ್ಲಿ ನಿಂತು ಮಾದರಿಯನ್ನು ನೆನಪು ಮಾಡಿಕೊಂಡೆ. ಅದರಲ್ಲಿ ಬೇವು ಇದ್ದದ್ದು ಬಾಗಿಲಿಗೆ ನೇರವಾಗಿ, ನಳದ ಎಡಕ್ಕೆ. ಆ ಜಾಗ ಹುಡುಕಿ ಅಲ್ಲೇ ಬರಿ ನೆಲದ ಮೇಲೆ ಕುಳಿತೆ.

ಗೋಡೆಯ ನೆರಳಿನಲ್ಲಿದ್ದ ಒಬ್ಬ ಮುದುಕ, "ಯಾಕವ್ವಾ, ಮೆಣಸಿನಕಾಯಿ ಒಣಗಿದಂಗ ಬಿಸಲಾಗ ಒಣಗಾಕತ್ತೀದಿ? ಈ ಕಡೆ ಬಾ, ಜಾಗ ಐತಿ," ಎಂದ.

"ಇರ್ಲಿ ಬಿಡ್ರಿ. ಮಗಳು ಇಲ್ಲೇ ಕುಂದ್ರು ಅಂದಾಳ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ಹೆಸರು ಕೂಗಿದರು. "ನನ್ನ ಮಗಳ ಹೆಸರು," ಎಂದೆ. ಮುದುಕ ಗೇಟಿನ ಕಡೆ ತಿರುಗಿ, "ಮಗಳನ್ನ ಲಗೂ ಕರಿಯವ್ವಾ," ಎಂದ.

ನಾನು ಎದ್ದು ಒಳಗೆ ಹೋದೆ.