ಸಿಸ್ಟರ್ ಕಲಿತ ಇಂಗ್ಲಿಷ್

ಕಳೆದ ವಾರ ಮಧ್ಯಾಹ್ನ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಊಟದ ಡಬ್ಬಿ ತೆರೆದಳು. ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ ವಾಸನೆ, ಬೆಳ್ಳುಳ್ಳಿಯ ಘಾಟು... ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಆರೇಳು ವರ್ಷಗಳ ಹಿಂದೆ ಇದೇ ಮೇಜಿನ ಆಚೆ ಕೂತು, "ಬಿಸಿ ಅನ್ನಕ್ಕ ಕಲಸ್ಕೊಂಡು ತಿನ್ರಿ" ಎಂದು ಅಂಥದೇ ಹಿಂಡಿಯ ಪೊಟ್ಟಣ ಮುಂದಿಟ್ಟವರು ನೆನಪಾದರು.

ಅವರು ನರ್ಸು. ನಾವೆಲ್ಲ ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ವಿಜಯಪುರದ ಕಡೆಯವರು, ಗಂಡನಿಗೆ ಫ್ಯಾಕ್ಟರಿ ಕೆಲಸ, ಬಾಗಲಗುಂಟೆಯಲ್ಲಿ ಬಾಡಿಗೆ ಮನೆ. ಸಂಜಯನಗರದ ನಮ್ಮ ಆಫೀಸು ಹೊರದೇಶದಲ್ಲಿ ನೆಲೆಸಬೇಕೆನ್ನುವವರಿಗೆ ಅರ್ಜಿ ತಯಾರಿಸಿ ಕೊಡುತ್ತದೆ. ಫೈಲು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ದಿನವೇ ಅವರು ಎಂಟು ವರ್ಷದ ಮಗಳ ತಲೆ ಸವರುತ್ತ ಕೇಳಿದ್ದರು: "ಈಕಿಗಿ ಮಾತು, ಕಲಿಯೂದು ಎಲ್ಲಾ ಸ್ವಲ್ಪ ತಡ ಐತ್ರಿ. ಅಲ್ಲಿ ಇಂಥಾ ಮಕ್ಕಳಿಗೆ ಚಲೋ ಸಾಲಿ ಅದಾವಂತ. ಅದಕ್ಕ ಹೊಂಟೀವಿ. ಈಕಿ ಸಲುವಾಗಿ ಅರ್ಜಿಗಿ ಏನೂ ತೊಂದ್ರಿ ಆಗೂದಿಲ್ಲಲ್ರಿ?"

"ಏನೂ ಆಗಲ್ಲ ಸಿಸ್ಟರ್, ಆರಾಮಾಗಿರಿ," ಅಂದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು, ಅಷ್ಟೇ...

ಅರ್ಜಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆಯನ್ನು ಅವರು ಮೂರು ಸಲ ಬರೆದರು. ಡ್ಯೂಟಿ ಮುಗಿಸಿ, ಎರಡು ಬಸ್ಸು ಬದಲಿಸಿ ಬಂದು ನನ್ನೆದುರು ಕೂತು ಅಭ್ಯಾಸ ಮಾಡುತ್ತಿದ್ದರು. ಗೊತ್ತಿಲ್ಲದ ಪದಗಳಿಗೆ ನಾನು ಅರ್ಥ ಹೇಳುತ್ತಿದ್ದೆ. ಮಗಳು ಪಕ್ಕದಲ್ಲಿ ಸ್ಟೇಪ್ಲರ್ ಪಿನ್ನುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಹಿಂಡಿ ತಂದುಕೊಟ್ಟದ್ದು ಮೂರನೇ ಸಲ ಪಾಸಾದ ದಿನ.

ಆಮೇಲೆ ಮೂವರಿಗೂ ವೈದ್ಯಕೀಯ ತಪಾಸಣೆಯಾಯಿತು. ಕೆಲವು ತಿಂಗಳ ಬಳಿಕ ಪತ್ರ ಬಂತು. ಮಗುವಿನ ವಿಶೇಷ ಶಿಕ್ಷಣದ ಖರ್ಚು ಆ ದೇಶಕ್ಕೆ ಹೊರೆಯಾಗುತ್ತದೆ. ಆದ್ದರಿಂದ ಇಡೀ ಕುಟುಂಬದ ಅರ್ಜಿ ತಿರಸ್ಕೃತ. ಸಿಸ್ಟರ್ ಮಗಳನ್ನು ಕರೆದುಕೊಂಡು ಬಂದಾಗ ಪತ್ರವನ್ನೇ ಕೊಟ್ಟೆ. ಅದನ್ನು ಓದುವಷ್ಟು ಇಂಗ್ಲಿಷ್ ಅವರಿಗೀಗ ಬರುತ್ತಿತ್ತು. ಓದುತ್ತ ಓದುತ್ತ ಅವರ ಬೆರಳು ಒಂದು ಕಡೆ ನಿಂತಿತು.

"ಬರ್ಡನ್. ಹೊರಿ ಅಂತ ನೀವ ಹೇಳಿಕೊಟ್ಟಿದ್ರಿ." ಬೆರಳನ್ನು ಅಲ್ಲೇ ಇಟ್ಟು ಕೇಳಿದರು, "ನನ್ನ ಮಗಳು ಯಾರಿಗಿ ಹೊರಿ ಆಗ್ಯಾಳ್ರಿ?"

ಒಳಗಿನ ಕೋಣೆಯಿಂದ ಬಂದ, ಆಫೀಸು ನಡೆಸುವ ನಮ್ಮ ಸಾರ್ ಸಮಾಧಾನ ಹೇಳಲು ನೋಡಿದರು: "ನೀವೊಬ್ರೇ ವರ್ಕ್ ವೀಸಾಗೆ ಟ್ರೈ ಮಾಡ್ಬೋದು ಸಿಸ್ಟರ್. ಮಗು ಅಜ್ಜಿ ಹತ್ರ ಇರ್ಲಿ."

"ಸಾಲಿ ಅಲ್ಲಿ, ಈಕಿ ಇಲ್ಲಿ. ನಾ ಒಬ್ಬಾಕಿ ಹೋಗಿ ಏನ್ ಮಾಡ್ಲಿ ಸರ್?"

ಬೈಯಲಿಲ್ಲ, ಅಳಲಿಲ್ಲ. ಫೈಲಿನಲ್ಲಿ ಉಳಿದಿದ್ದ ಮಗಳ ಫೋಟೋಗಳನ್ನು ಮಾತ್ರ ಕೇಳಿ ಪಡೆದು, ಅವಳ ಕೈ ಹಿಡಿದು ಮೆಟ್ಟಿಲಿಳಿದರು. ಕ್ಷಮಿಸಿ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ...

ಆ ಮಾತು ಹೇಳಲೆಂದೇ ಮೂರು ತಿಂಗಳ ಮೇಲೆ ಬಾಗಲಗುಂಟೆಗೆ ಹೋದೆ. ಮನೆಗೆ ಬೀಗ. "ಮಗೂನ ಕರ್ಕೊಂಡು ಊರ್ಗೇ ಒಂಟೋದ್ರು ಕಣಮ್ಮ. ಯಾವೂರೋ ಏನೋ, ಏಳ್ಲಿಲ್ಲ," ಅಂದರು ಮನೆಯೊಡತಿ. ಫೈಲಿನಲ್ಲಿದ್ದ ವಿಳಾಸವೂ ಇದೇ ಮನೆಯದು; ಫೋನ್ ನಂಬರೂ ಬದಲಾಗಿತ್ತು.

ಈಗ ಯಾರೇ ಬಂದರೂ ನಾನು ಮೊದಲು ಮಕ್ಕಳ ಆರೋಗ್ಯ ವಿಚಾರಿಸುತ್ತೇನೆ. ತಿಳಿಯದಿದ್ದರೆ ತಿಳಿಯದು ಎನ್ನುತ್ತೇನೆ. ಅದರಿಂದ ಸಿಸ್ಟರಿಗೆ ಏನಾಗಬೇಕು? ಅವರ ಮಗಳಿಗೀಗ ಹದಿನೈದು ದಾಟಿರಬೇಕು. ಯಾವ ಶಾಲೆಯಲ್ಲಿದ್ದಾಳೋ... ಶಾಲೆಗೇ ಹೋಗುತ್ತಿದ್ದಾಳೋ ಇಲ್ಲವೋ, ಕೇಳೋಣವೆಂದರೆ ಅವರೆಲ್ಲಿದ್ದಾರೆಂದು ಹೇಳುವವರು ಯಾರೂ ಇಲ್ಲ.