ಹೊಡೆದವರು ಕನ್ನಡದಲ್ಲೇ ಬೈದರು

ಬೆಳಗಾವಿಯಲ್ಲಿ ಸಣ್ಣ ದಿನಪತ್ರಿಕೆಯೊಂದನ್ನು ಬಹಳ ವರ್ಷ ನಡೆಸಿದ ಮೇಲೆ ನನಗೆ ಖಾನಾಪುರದಿಂದ ವಿಧಾನಸಭೆಗೆ ನಿಲ್ಲುವ ಹುಚ್ಚು ಹಿಡಿಯಿತು. ಲೋಂಡಾ ಕಡೆಯ ಕಾಡಿನಿಂದ ಸಾಗವಾನಿ ಕದ್ದು ಸಾಗಿಸುವವರ ಬಗ್ಗೆ ಬರೆದಿದ್ದೆ. ಪ್ರಚಾರದಲ್ಲೂ ಅದನ್ನೇ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಖಾನಾಪುರದ ಸಭೆ ಮುಗಿಸಿ ಹೊರಟಾಗ ರಸ್ತೆಗೆ ಲಾರಿ ಅಡ್ಡ ಬಂತು. ಇಳಿದವರು ನನ್ನನ್ನು ಕಾರಿನಿಂದ ಎಳೆದು ಕೆಡವಿದರು. ಒಬ್ಬ ನನ್ನ ಬಲಗೈಯನ್ನು ಬೂಟುಗಾಲಿನಿಂದ ತುಳಿದು ಹಿಡಿದ. ಇನ್ನೊಬ್ಬ ಕಬ್ಬಿಣದ ರಾಡು ಬೀಸಿದ. ಎಲುಬು ಮುರಿದ ಸದ್ದು ನನಗೇ ಕೇಳಿಸಿತು.

"ಇನ್ನ ಬರಿ ನೋಡೂಣು, ಮಗನ!"

ಅಚ್ಚ ನಮ್ಮ ಕಡೆಯ ಕನ್ನಡ. ಪಕ್ಕದ ಹೊಲದಿಂದ ಮರಾಠಿ ಮುದುಕಿಯೊಬ್ಬಳು ಕುಡುಗೋಲು ಬೀಸುತ್ತ, ಕೂಗುತ್ತ ಓಡಿಬಂದದ್ದರಿಂದ ಜೀವ ಉಳಿಯಿತು. ಅವಳು ಸೀರೆಯ ಸೆರಗು ಹರಿದು ನನ್ನ ಮುರಿದ ಕೈಗೆ ಕಟ್ಟಿದಳು.

ಬೆಳಗಾವಿಯ ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಬೀಳುವಷ್ಟರಲ್ಲಿ ಮರಾಠಿಗರು ನನ್ನನ್ನು ಹೊಡೆದರೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ನನ್ನ ಪ್ರಚಾರ ನೋಡಿಕೊಳ್ಳುತ್ತಿದ್ದ ಗೆಳೆಯ ಖುಷಿಯಿಂದಲೇ ಬಂದ.

"ನೀವು ಸುಮ್ಮನ ಮಲ್ಕೊಳ್ರಿ ಸಾಹೇಬ್ರ. ನಮ್ಮ ಹುಡುಗ್ರು ಅನಗೋಳದಾಗ ಮರಾಠಿಗರ ಅಂಗಡಿ ಒಡ್ಯಾಕತ್ತಾರ. ನಮ್ಮ ವೋಟೆಲ್ಲಾ ಒಂದಾಗ್ತಾವು."

"ಹೊಡದಾವ್ರು ಕನ್ನಡದವ್ರು. ನನ್ನ ಉಳಿಸಿದಾಕಿ ಮರಾಠಿ ಮುದುಕಿ."

"ಅದನ್ನ ಈಗ ಯಾರ್ ಕೇಳ್ತಾರ್ರಿ?"

ನಾನು ಎದ್ದು ಆಟೋ ಹತ್ತಿದೆ. ಅನಗೋಳದ ಓಣಿಯಲ್ಲಿ ಮರಾಠಿ ದರ್ಜಿಯೊಬ್ಬನ ಹೊಲಿಗೆ ಯಂತ್ರ ಗಟಾರದಲ್ಲಿ ಬಿದ್ದಿತ್ತು. ಹಣೆ ಒಡೆದ ದರ್ಜಿಯನ್ನು ನೆಲಕ್ಕೆ ಕೆಡವಿ ಒದೆಯುತ್ತಿದ್ದರು. ಒದೆಯುವವರ ಕೊರಳಲ್ಲಿ ನನ್ನದೇ ಪಕ್ಷದ ಶಲ್ಯ. ನಾನು ನಡುವೆ ನುಗ್ಗಿ ಅವನ ಮೇಲೆ ಬಿದ್ದೆ. ಕೆಲವು ಒದೆ ನನಗೂ ಬಿದ್ದವು.

"ಬಿಡ್ರಿ ಅವನ್ನ! ನನ್ನ ಹೊಡದಾವ್ರು ನಮ್ಮ ಭಾಷಿ ಆಡಾವ್ರು!" ಎಂದು ಕಿರುಚಿದೆ.

"ಇಂವಾ ಮರಾಠ್ಯಾರಿಗಿ ಮಾರ್ಕೊಂಡಾನ!" ಎಂದು ಗುಂಪಿನಿಂದ ಯಾರೋ ಕೂಗಿದರು. ಮರುಕ್ಷಣ ಕಲ್ಲೊಂದು ಬಂದು ಕಿವಿಯ ಮೇಲೆ ಬಡಿಯಿತು. ರಾಡಿನ ಏಟಿಗಿಂತ ಅದು ಹೆಚ್ಚು ಉರಿಯಿತು. ಪೊಲೀಸರ ಲಾಠಿ ಬೀಳುವವರೆಗೂ ನಾನು ದರ್ಜಿಯನ್ನು ಬಿಡಲಿಲ್ಲ.

ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿ ಬರೆಸಿ ಮರುದಿನ ಅಚ್ಚು ಮಾಡಿದೆ. ನನ್ನ ಕಡೆಯವರೇ ಬಸ್ ನಿಲ್ದಾಣದಲ್ಲಿ ಪತ್ರಿಕೆಯ ಕಟ್ಟುಗಳಿಗೆ ಬೆಂಕಿ ಹಚ್ಚಿದರು. ಚುನಾವಣೆಯಲ್ಲಿ ಹೀನಾಯವಾಗಿ ಸೋತೆ. ರಾಡು ಬೀಸಿದವರಿಗೆ ಶಿಕ್ಷೆಯಾಗಲಿಲ್ಲ.

"ರಾಜಕಾರಣ ಇನ್ನ ಸಾಕ್ರಿ," ಎಂದಿದ್ದಳು ಹೆಂಡತಿ, ಫಲಿತಾಂಶ ಬಂದ ದಿನ ನನ್ನ ತಲೆಯ ಪಟ್ಟಿ ಬದಲಿಸುತ್ತ.

"ಪತ್ರಿಕಿ?"

"ಅದನ್ನ ನಿಂದರಸಬ್ಯಾಡ್ರಿ. ನೀವು ಹೇಳ್ರಿ, ನಾ ಬರೀತೀನಿ."