ಕವರ್ ಬಿಚ್ಚದ ಗೊಂಬೆ

ಡ್ಯೂಟಿಗೆ ಕಾಲಿಟ್ಟ ಕೂಡಲೇ ಬಿಸಿನೀರು ಕೇಳುತ್ತಿದ್ದುದರಿಂದ ಆ ಹೆರಿಗೆ ನರ್ಸಿಗೆ ಬಿಸಿನೀರಮ್ಮ ಅಂತಲೇ ಹೆಸರು ಬಿದ್ದಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಕೂಸುಗಳನ್ನು ಕೈಯಲ್ಲಿ ಹಿಡಿದಳೋ ಅವಳಿಗೇ ನೆನಪಿಲ್ಲ. ಹೋದ ತಿಂಗಳು ಅಳದೇ ಹೋದ ಒಂದು ಕೂಸು ಮಾತ್ರ ಕಣ್ಣಿಗೆ ಕಟ್ಟಿದ ಹಾಗೇ ಇತ್ತು. ಬೆನ್ನು ತಿಕ್ಕಿದಳು, ಅಂಗಾಲು ತಟ್ಟಿದಳು, ಮೈಯ ನೀಲಿ ಬಣ್ಣ ಬಿಡಲಿಲ್ಲ. ಉಸಿರು ಕೊಡುವ ರಬ್ಬರ್ ಚೀಲ ಗೋಡೆಯಲ್ಲೇ ನೇತಾಡುತ್ತಿತ್ತು. ಅದರ ಮಾಸ್ಕನ್ನು ಕೂಸಿನ ಮುಖಕ್ಕೆ ಕೂರಿಸುವುದು ಅವಳಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷದ ಮೇಲೆ ಯಾರನ್ನಾದರೂ ಕೇಳಲು ನಾಚಿಕೆ.

ಅದಕ್ಕೇ ಈ ಸಲದ ತರಬೇತಿಗೆ ಎಲ್ಲರಿಗಿಂತ ಮೊದಲು ಬಂದು ಮುಂದಿನ ಕುರ್ಚಿ ಹಿಡಿದಳು. ಅದೊಂದು ಕಲಿತರೆ ಸಾಕಿತ್ತು.

ಕಲಿಸುವ ಮೇಡಂ ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟ ಅಕ್ಷರಗಳನ್ನು ಗಿಣಿಯಂತೆ ಓದಿದರು. ಮೇಜಿನ ಮೇಲೆ ಕೂಸಿನ ಗೊಂಬೆ, ಚೀಲ, ಮಾಸ್ಕ್, ಎಲ್ಲ ಪ್ಲಾಸ್ಟಿಕ್ ಕವರಿನೊಳಗೆ. ಊಟಕ್ಕೆ ಮುಂಚೆ ಒಂದು ಹಾಳೆ ಬಂತು: ಗೊಂಬೆಯ ಮೇಲೆ ಹತ್ತು ಸಲ ಅಭ್ಯಾಸ ಮಾಡಿದ್ದೇನೆ. ಎಲ್ಲರೂ ಸರಸರ ಸಹಿ ಹಾಕಿದರು.

"ಮೇಡಂ, ಗೊಂಬೆ ಮುಟ್ಟಲೇ ಇಲ್ವಲ್ಲ?" ಅಂದಳು ಬಿಸಿನೀರಮ್ಮ.

"ಕವರ್ ಹರಿದ್ರೆ ನಾನು ಉತ್ತರ ಹೇಳ್ಬೇಕಮ್ಮ. ಮೂರು ವರ್ಷದಿಂದ ಹೊಸದಾಗೇ ಇಟ್ಟಿದೀವಿ."

"ಯಾಕೆ, ಗಂಡು ನೋಡ್ತಿದೀರಾ ಅದಕ್ಕೆ?"

ಹಿಂದಿನ ಸಾಲು ಕಿಸಕ್ಕೆಂದಿತು. "ಸಹಿ ಹಾಕಕ್ಕ, ಊಟ ಆರೋಗತ್ತೆ. ಈ ಸರ್ಟಿಫಿಕೇಟ್ ಇಲ್ದೆ ನರ್ಸ್ ಲೈಸೆನ್ಸ್ ರಿನ್ಯೂ ಆಗಲ್ಲ, ಬೇಡ್ವಾ ನಿಂಗೆ?" ಅಂದಳೊಬ್ಬಳು.

ಹೆರಿಗೆಯ ರಕ್ತ, ವಾಂತಿ, ಹೊಲಸು ಯಾವುದಕ್ಕೂ ಮೂಗು ಮುಚ್ಚದ ಬಿಸಿನೀರಮ್ಮ ಈ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಹಲ್ಲಿನಿಂದ ಕವರ್ ಹರಿದು ಮಾಸ್ಕನ್ನು ಗೊಂಬೆಯ ಮುಖಕ್ಕಿಟ್ಟಳು. ಹಣೆಯಿಂದ ಗಲ್ಲದವರೆಗೂ ಮುಚ್ಚಿಕೊಂಡಿತು. ದೊಡ್ಡವರ ಮಾಸ್ಕ್! ಮೂರು ವರ್ಷ, ಒಬ್ಬರಿಗೂ ಗೊತ್ತಾಗಿಲ್ಲ.

"ನೋಡಿ, ಇದಕ್ಕೇ ಬಿಚ್ಚಬೇಡಿ ಅಂದಿದ್ದು," ಅಂದರು ಮೇಡಂ.

ಅವಳು ಹಾಳೆಯಲ್ಲಿ ಹತ್ತನ್ನು ಹೊಡೆದುಹಾಕಿ ಸೊನ್ನೆ ಬರೆದು ಸಹಿ ಮಾಡಿದಳು.

"ಇದಕ್ಕೆ ಸರ್ಟಿಫಿಕೇಟ್ ಬರಲ್ಲಮ್ಮ."

"ನೀವೇ ಇಟ್ಕೊಳಿ, ಕವರ್ ಹಾಕಿ."

ಊಟಕ್ಕೂ ನಿಲ್ಲದೆ ಆಸ್ಪತ್ರೆಗೆ ನಡೆದಳು. ಗೋಡೆಯ ಚೀಲ ಬಿಚ್ಚಿಕೊಂಡು ಮಕ್ಕಳ ವಾರ್ಡಿನ ಸಣ್ಣ ವಯಸ್ಸಿನ ಸಿಸ್ಟರ್ ಮುಂದೆ ನಿಂತಳು.

"ನಂಗೆ ಇದು ಬರಲ್ಲ ಕಣೇ. ಹೇಳ್ಕೊಡು."

"ತರಬೇತಿಗೆ ಹೋಗಿದ್ರಲ್ಲಕ್ಕ, ಮುಗೀತಾ?"

"ಥೂ, ಮುಗೀತು. ಈಗ ಕಲಿಸು," ಅಂದು ಬಿಸಿನೀರಮ್ಮ ಅಂಗಿಯ ತೋಳು ಮೇಲಕ್ಕೆ ಮಡಚಿದಳು.